ಕೆಳಮನೆ ಅಜ್ಜಯ್ಯನ ವೋಟು

2024ರ ಮೇ 7ರಂದು, ಲೋಕಸಭೆ ಚುನಾವಣೆಯ ದಿನ, ನಾನು ಎರಡು ಸಲ ಮತಯಂತ್ರದ ಗುಂಡಿ ಒತ್ತಿದೆ. ಕಳ್ಳವೋಟಲ್ಲ, ಕಾಯ್ದೆ ಒಪ್ಪಿದ್ದೇ. ಒಂದು ನನ್ನದು, ಇನ್ನೊಂದು ನಮ್ಮೂರಿನ ಕೆಳಮನೆ ಅಜ್ಜಯ್ಯನದು.

ನನಗೆ ಹದಿನೆಂಟು ತುಂಬಿದ್ದು 2023ರ ಆಗಸ್ಟ್‌ನಲ್ಲಿ. ಆ ವರ್ಷದ ವಿಧಾನಸಭೆ ಚುನಾವಣೆ ಮೂರೇ ತಿಂಗಳಲ್ಲಿ ಕೈತಪ್ಪಿತ್ತು. ಹಿಂದೆಲ್ಲ ಜನವರಿ 1ಕ್ಕೆ ಹದಿನೆಂಟಾದವರಿಗೆ ಮಾತ್ರ ಪಟ್ಟಿಯಲ್ಲಿ ಜಾಗವಿತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಒಂದನೇ ತಾರೀಕೂ ಲೆಕ್ಕಕ್ಕಿದೆ. ದಸರಾ ರಜೆಯಲ್ಲಿ ಊರಿಗೆ ಬಂದವಳು ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಲು ಮೊಬೈಲ್ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದೆ. ನಮ್ಮಲ್ಲಿ ಒಟಿಪಿ ಬರುವುದು ಅಲ್ಲಿಗೆ ಮಾತ್ರ.

ವಿಳಾಸ ಬರೆಯುವಲ್ಲಿ ಕೈ ತಡೆಯಿತು. ಓದುತ್ತಿದ್ದುದು ಶಿವಮೊಗ್ಗದಲ್ಲಿ, ಇದ್ದದ್ದು ಹಾಸ್ಟೆಲ್‌ನಲ್ಲಿ. ಕಾಲೇಜಿನಿಂದ ದೃಢೀಕರಣ ಪತ್ರ ಪಡೆದರೆ ಹಾಸ್ಟೆಲ್ ವಿಳಾಸಕ್ಕೇ ಹೆಸರು ಸೇರಿಸಬಹುದು, ಇಲ್ಲವೇ ಊರಿನಲ್ಲಿ. ಎರಡೂ ಕಡೆ ಮಾತ್ರ ಸಲ್ಲದು. ಕೊಪ್ಪದವಳಾದ ನನ್ನ ಕೋಣೆಯ ಗೆಳತಿ ಹಾಸ್ಟೆಲ್ ವಿಳಾಸವನ್ನೇ ಕೊಟ್ಟಿದ್ದಳು. "ವರ್ಷದಲ್ಲಿ ಹತ್ತು ತಿಂಗಳು ಇಲ್ಲಿನ ನೀರು ಕುಡಿಯುತ್ತೇನೆ, ವೋಟೂ ಇಲ್ಲೇ" ಎಂಬ ಅವಳ ವಾದದಲ್ಲಿ ನ್ಯಾಯವಿತ್ತು. ನಾನು ಊರನ್ನೇ ಬರೆದೆ. ಲೋಕಸಭೆಗೆ ಎರಡೂ ಒಂದೇ ಕ್ಷೇತ್ರ, ನಿಜ. ಆದರೆ ನಮ್ಮ ಮನೆ ದಾರಿಯ ಕಾಲುಸಂಕ ಪ್ರತಿ ಮಳೆಗಾಲ ಕೊಚ್ಚಿಹೋಗುತ್ತದೆ. ಹಾಸ್ಟೆಲ್‌ನಲ್ಲಿ ವೋಟಿಟ್ಟುಕೊಂಡು ನಮ್ಮ ಪಂಚಾಯಿತಿಯವರ ಮುಂದೆ ಯಾವ ಬಾಯಲ್ಲಿ ಅದನ್ನು ಕೇಳಲಿ? ವಿಚಾರಣೆಗೆ ಬಂದ, ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ನಮ್ಮ ಅಂಗನವಾಡಿ ಟೀಚರೇ. ನನಗೆ ಅಕ್ಷರ ತಿದ್ದಿಸಿದವರು, ವಯಸ್ಸಿನ ದಾಖಲೆ ನೋಡಿಯೇ ಹೊರಟರು.

ಚುನಾವಣೆ ಹತ್ತಿರ ಬಂದಾಗ ಎನ್‌ಎಸ್‌ಎಸ್‌ನಿಂದ ಸ್ವಯಂಸೇವಕರ ಪಟ್ಟಿ ಮಾಡಿದರು. ಮತಗಟ್ಟೆ ಅಧಿಕಾರಿಗಳಾಗುವವರು ಸರ್ಕಾರಿ ನೌಕರರು. ನಮಗೆ ಸಿಗುವುದು ಗಾಲಿಕುರ್ಚಿ ತಳ್ಳುವ, ಸಾಲು ನೋಡಿಕೊಳ್ಳುವ ಕೆಲಸ. ಬೇರೆ ಊರಿಗೆ ಹೋದರೆ ನನ್ನ ವೋಟೇ ತಪ್ಪುತ್ತದೆಂದು ಕಾಡಿ ಬೇಡಿ ನಮ್ಮೂರ ಶಾಲೆಗೇ ಹಾಕಿಸಿಕೊಂಡೆ. ಏಳಕ್ಕೆ ಬಾಗಿಲು ತೆರೆಯುತ್ತಿದ್ದಂತೆ ನನ್ನದನ್ನು ಮುಗಿಸಿ ಜಗಲಿಯಲ್ಲಿ ನಿಂತೆ.

ಹನ್ನೊಂದರ ಹೊತ್ತಿಗೆ ಮೊಮ್ಮಗನ ಹೆಗಲು ಹಿಡಿದು ಅಜ್ಜಯ್ಯ ಬಂದರು. ಕಣ್ಣು ಪೂರ್ತಿ ಹೋಗಿದೆ, ಅದಕ್ಕೆ ಸರ್ಟಿಫಿಕೇಟು ಮಾಡಿಸಿಕೊಂಡಿಲ್ಲ. ವಯಸ್ಸು ಎಂಬತ್ತನಾಲ್ಕು. ಮನೆಯಿಂದಲೇ ಮತ ಹಾಕಲು ಆ ಸಲ ಆ ಸರ್ಟಿಫಿಕೇಟಿರಬೇಕಿತ್ತು, ಇಲ್ಲವೇ ಎಂಬತ್ತೈದಾಗಬೇಕಿತ್ತು. ಗಾಲಿಕುರ್ಚಿ ತಂದರೆ, "ನನಗೆ ಹೋದದ್ದು ಕಣ್ಣು, ಕಾಲಲ್ಲ" ಎಂದು ಕೋಲಿನಿಂದ ಅದನ್ನೇ ಅತ್ತ ಸರಿಸಿದರು.

ಒಳಗೆ ಎರಡನೇ ಅಧಿಕಾರಿ ಅಜ್ಜಯ್ಯನ ಎಡಗೈ ತೋರುಬೆರಳನ್ನು ಬಟ್ಟೆಯಿಂದ ಒರೆಸಿದರು, ಮತ್ತೆ ಒರೆಸಿದರು. ಉಗುರಿನ ಸುತ್ತ, ಬಿರುಕುಗಳೊಳಗೆ, ಕಂದುಗಪ್ಪು ಬಣ್ಣ. "ಅದು ಹೋಗುವುದಿಲ್ಲ ಸ್ವಾಮಿ, ಅಡಿಕೆ ಚೊಗರು" ಎಂದರು ಅಜ್ಜಯ್ಯ. ಅದರ ಮೇಲೆಯೇ ಮೈಸೂರಿನ ಶಾಯಿ ಎಳೆದರು. 1962ರಲ್ಲಿ ಮೊದಲ ಸಲ ಬಳಕೆಗೆ ಬಂದ ಶಾಯಿ ಅದು. ಅಜ್ಜಯ್ಯನ ಮೊದಲ ವೋಟೂ ಅದೇ ವರ್ಷದ್ದು. "ನಿನ್ನ ವಯಸ್ಸಿಗೆ ನಮಗೆ ವೋಟಿರಲಿಲ್ಲ ಕೂಸೇ, ಇಪ್ಪತ್ತೊಂದಾಗಬೇಕಿತ್ತು" ಎಂದರು.

ಯಂತ್ರದ ಮೇಲೆ ಬ್ರೈಲ್ ಚುಕ್ಕಿಗಳಿವೆ, ಆದರೆ ಅಜ್ಜಯ್ಯನಿಗೆ ಬ್ರೈಲ್ ಯಾರು ಕಲಿಸಿದ್ದಾರೆ? ಜೊತೆಗೊಬ್ಬರು ಬೇಕು. ಮೊಮ್ಮಗ ಮುಂದೆ ಬಂದ. ಮಗನಂತೂ ಅಲ್ಲೇ, ಒಂದು ಪಕ್ಷದ ಏಜೆಂಟಾಗಿ ಬೆಂಚಿನ ಮೇಲೆ ಕೂತಿದ್ದ.

"ಇವರು ಯಾರೂ ಬೇಡ. ಈ ಕೂಸು ಬರಲಿ."

ಅಧ್ಯಕ್ಷಾಧಿಕಾರಿ ನನ್ನ ವಯಸ್ಸು ಕೇಳಿ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಿಸಿಕೊಂಡರು: ಮತವನ್ನು ಗುಟ್ಟಾಗಿಡುತ್ತೇನೆ, ಈ ದಿನ ಬೇರೆ ಯಾರಿಗೂ ಹೀಗೆ ಜೊತೆಗಾರಳಾಗಿಲ್ಲ. ಒಬ್ಬರಿಗೆ ಒಂದೇ ಸಲ. ಮರೆಯ ಹಿಂದೆ ಅಜ್ಜಯ್ಯ ಬಗ್ಗಿ ನನ್ನ ಕಿವಿಯಲ್ಲಿ ಒಂದು ಗುರುತು ಹೇಳಿದರು. ಎಲೆಯಡಿಕೆಯ ವಾಸನೆ, ಬಿಸಿ ಉಸಿರು. ನಾನು ಇನ್ನೊಮ್ಮೆ ಕೇಳಿದೆ, ಅವರು ಇನ್ನೊಮ್ಮೆ ಅದನ್ನೇ ಹೇಳಿದರು. ನನ್ನ ವೋಟಿಗೆ ನಡುಗದ ಬೆರಳು ಆಗ ನಡುಗಿತು. ಒತ್ತಿದೆ. ಬಿದ್ದ ಮತದ ಗುರುತನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತಿತು.

"ಅದೇ ಬಂತಾ?"

"ಅದೇ ಅಜ್ಜಯ್ಯ."

ಚೀಟಿ ಬಿತ್ತು, ಬೀಪ್ ಎಂದಿತು. ಹೊರಗೆ ಬರುವಾಗ ಬೆಂಚಿನ ಮೇಲಿದ್ದ ಮಗ ನನ್ನ ಮುಖವನ್ನೇ ನೋಡುತ್ತಿದ್ದ. ಮನೆಯಲ್ಲಿ ಅಮ್ಮನೂ ರಾತ್ರಿ ಊಟಕ್ಕೆ ಬಡಿಸುತ್ತ ಎರಡು ಸಲ ಕೆದಕಿದರು.

ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಕಟ್ಟೆಯ ಮೇಲೆ ಅಜ್ಜಯ್ಯ ಕೂತಿದ್ದರು. ನಾಲ್ಕು ಜನರ ಮುಂದೆ, ಮಗನೂ ಇದ್ದ, ತಾವು ಯಾರಿಗೆ ವೋಟು ಹಾಕಿದ್ದೆಂದು ಗಟ್ಟಿಯಾಗಿ ಹೇಳುತ್ತಿದ್ದರು. ಮಗನ ಪಕ್ಷದ್ದೇ ಗುರುತು. ನನ್ನ ಕಿವಿಯಲ್ಲಿ ಹೇಳಿದ್ದು ಅದಲ್ಲ. ನನ್ನ ಕ್ಯಾನಿನ ಸದ್ದು ಕೇಳಿ ಇತ್ತ ತಿರುಗಿದರು.

"ಹೌದೋ ಅಲ್ಲವೋ, ಕೂಸೇ?"

"ನನಗೆ ಮರೆತುಹೋಗಿದೆ ಅಜ್ಜಯ್ಯ" ಎಂದು ಹಾಲು ಅಳೆಯಲು ಕೊಟ್ಟೆ.