ಕರೆನ್ ಚಾನ್ ಓಡಿದ ಭಾನುವಾರ

ರೇಸ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ದುಡ್ಡು, ಕುದುರೆ ಆಮೇಲೆ. 'ಕುದುರೆ ಬಾಲಕ್ಕೆ ಕಟ್ಟಿ ಎಲ್ಲಾ ಕಳ್ಕೊಂಡ' ಅಂತ ಹೇಳಿಸಿಕೊಂಡವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ನಾನು ಕುಣಿಗಲ್‌ನವನಾದ್ದರಿಂದ ನನ್ನ ಲೆಕ್ಕ ಸ್ವಲ್ಪ ಬೇರೆ. ನಮ್ಮೂರಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ್ದಾರೆ ಅನ್ನುತ್ತಾರೆ. ಸ್ಟಡ್ ಫಾರಂ ಬೇಲಿಯ ಆಚೆ ತಾಯಿ ಕುದುರೆಗಳು ಮರಿ ಜೊತೆ ಮೇಯುವುದನ್ನು ನೋಡಿಕೊಂಡೇ ಬೆಳೆದೆವು. ಆದರೆ ಅವು ಎಲ್ಲಿಂದ ಬಂದವು, ಬರುವ ಮುಂಚೆ ಏನು ಮಾಡುತ್ತಿದ್ದವು ಅಂತ ಯಾರೂ ಕೇಳಲಿಲ್ಲ. ರೇಸ್ ಓಡುವ ಕುದುರೆ ಬೇರೆ, ಮರಿ ಹಾಕುವ ಕುದುರೆ ಬೇರೆ ಅಂತಲೇ ನಮ್ಮ ತಿಳುವಳಿಕೆ. ಓಟ ಮುಗಿಸಿದ ಕುದುರೆಗೆ ಇನ್ನೊಂದು ಬದುಕು ಇರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಜಪಾನಿನಲ್ಲಿ, ಕರೆನ್ ಚಾನ್ ಅನ್ನುವ ಒಂದು ಹೆಣ್ಣು ಕುದುರೆಯಿಂದ.

2012ರಲ್ಲಿ ಬಿಡದಿಯ ಕಾರ್ಖಾನೆಯಿಂದ ತರಬೇತಿಗೆ ಅಂತ ಐಚಿ ಪ್ರಾಂತ್ಯಕ್ಕೆ ಕಳಿಸಿದ್ದರು. ಅಲ್ಲಿ ನಮ್ಮ ಲೈನಿನಲ್ಲಿ ಒಬ್ಬ ಹಿರಿಯರಿದ್ದರು. ಇಡೀ ವಾರ ಮಾತೇ ಆಡದ ಮನುಷ್ಯ. ಶನಿವಾರ ಬಂತೆಂದರೆ ಜೇಬಿನಿಂದ ರೇಸ್ ಪೇಪರ್ ಹೊರಗೆ ಬರುತ್ತಿತ್ತು, ಮಾತೂ ಹೊರಗೆ ಬರುತ್ತಿತ್ತು. ಮಾರ್ಚ್ 25ರ ಭಾನುವಾರ ದೊಡ್ಡ ರೇಸ್ ಇದೆ, ನೋಡಲಿಕ್ಕಾದರೂ ಬನ್ನಿ ಅಂತ ಕರೆದರು. ನನ್ನ ಜೊತೆ ರೂಮಿನಲ್ಲಿ ಮಂಡ್ಯದ ಗೆಳೆಯನಿದ್ದ. "ಏನ್ಲಾ, ರೇಸ್‌ಗೆ ಹೊಂಟಿದ್ದೀಯಾ? ನಿಮ್ಮಪ್ಪಂಗೆ ಫೋನ್ ಮಾಡ್ಲಾ?" ಅಂತ ಕಾಲೆಳೆದ. ಭಾನುವಾರ ಬೆಳಗ್ಗೆ ನನಗಿಂತ ಮೊದಲು ಶೂ ಹಾಕಿಕೊಂಡು ನಿಂತವನೂ ಅವನೇ.

ಚುಕ್ಯೋ ರೇಸ್ ಕೋರ್ಸ್ ನಗೋಯಾದಿಂದ ದೂರವೇನಲ್ಲ. ಮೆಯ್ತೆತ್ಸು ರೈಲಿನಲ್ಲಿ ಹೋಗಿ, ಅದರ ಹೆಸರಿನದೇ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಆಯಿತು. ಒಳಗೆ ಹೋದರೆ ಜಾತ್ರೆ. ಮಕ್ಕಳ ತಳ್ಳುಗಾಡಿ ತಂದವರು, ಚಾಪೆ ಹಾಸಿ ಡಬ್ಬಿ ಬಿಚ್ಚಿದ ಅಜ್ಜಿಯರು, ದೊಡ್ಡ ಕ್ಯಾಮೆರಾ ಹಿಡಿದ ಹುಡುಗಿಯರು. ಓಡಾಟ ಬಿಟ್ಟ ಒಂದು ಹಳೇ ಕೆಂಪು ರೈಲನ್ನು ತಂದು ಮೈದಾನದ ಒಳಗೇ ನಿಲ್ಲಿಸಿದ್ದಾರೆ. ಮಕ್ಕಳೆಲ್ಲ ಅದರ ಸುತ್ತ. ಬೆಂಗಳೂರಿನಲ್ಲಿ ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ರೇಸ್ ಕೋರ್ಸ್ ಗೋಡೆ ಕಂಡರೆ ಮುಖ ಆ ಕಡೆ ತಿರುಗಿಸುವ ದೊಡ್ಡವರನ್ನು ನೋಡಿದ್ದೇನೆ. ಇಲ್ಲಿ ಮೂರು ತಲೆಮಾರು ಒಟ್ಟಿಗೆ ಬಂದು ಕೂತಿತ್ತು! ದುಡ್ಡು ಕಳೆದುಕೊಳ್ಳುವವರು ಅಲ್ಲಿಯೂ ಇದ್ದಾರೆ, ಅದು ಬೇರೆ ಮಾತು. ಊಟದ ವಿಷಯ ಕೇಳಬೇಡಿ. ಸಸ್ಯಾಹಾರಿಗೆ ಸಿಕ್ಕಿದ್ದು ಆಲೂ ಫ್ರೈಸ್ ಮಾತ್ರ.

ಆ ವರ್ಷ ಚುಕ್ಯೋ ಹೊಸದಾಗಿ ಸಿಂಗಾರಗೊಂಡಿತ್ತು. ದುರಸ್ತಿಗೆ ಮುಚ್ಚಿದ್ದರಿಂದ ಹಿಂದಿನ ವರ್ಷ ಇದೇ ರೇಸನ್ನು ಹನ್‌ಶಿನ್ ಅನ್ನುವ ಇನ್ನೊಂದು ರೇಸ್ ಕೋರ್ಸಿನಲ್ಲಿ ನಡೆಸಿದ್ದರು. ಈಗ ಕೊನೆಯ ನೇರ ದಾರಿಯನ್ನು 412.5 ಮೀಟರಿಗೆ ಉದ್ದ ಮಾಡಿ, ಅದರಲ್ಲೇ ಒಂದು ಏರನ್ನೂ ಇಟ್ಟಿದ್ದರು. ರೇಸಿನ ಹೆಸರು ತಕಮತ್ಸುನೊಮಿಯಾ ಕಿನೆನ್. 1200 ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಆರು ಫರ್ಲಾಂಗ್ ಹತ್ತಿರ. ಜಪಾನಿನಲ್ಲಿ ಇಷ್ಟು ಕಡಿಮೆ ದೂರಕ್ಕೆ ಜಿ1, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ಹುಲ್ಲಿನ ಮೇಲಿನ ರೇಸ್ ಇರುವುದು ಎರಡೇ. ವಸಂತದಲ್ಲಿ ಇದು, ಶರತ್ಕಾಲದಲ್ಲಿ ನಕಯಾಮದ ಸ್ಪ್ರಿಂಟರ್ಸ್ ಸ್ಟೇಕ್ಸ್.

ಎರಡನೆಯದನ್ನು ಆಗಲೇ ಗೆದ್ದು ಬಂದಿದ್ದಳು ಕರೆನ್ ಚಾನ್. ಐದು ವರ್ಷದ ಬೂದು ಬಣ್ಣದ ಹೆಣ್ಣು ಕುದುರೆ. ಅಪ್ಪ ಕುರೊಫುನೆ, ಅವನದೂ ಇದೇ ಬಣ್ಣ. 2011 ಅವಳ ವರ್ಷ. ಏಪ್ರಿಲ್‌ನಲ್ಲಿ ಹನ್‌ಶಿನ್ ಹಿಂಬಾ ಸ್ಟೇಕ್ಸ್, ಬೇಸಿಗೆಯಲ್ಲಿ ಹಕೊದಾತೆ ಸ್ಪ್ರಿಂಟ್, ಆಮೇಲೆ ಸಪ್ಪೊರೋದ ಕೀನ್‌ಲ್ಯಾಂಡ್ ಕಪ್, ಅಕ್ಟೋಬರ್‌ನಲ್ಲಿ ಸ್ಪ್ರಿಂಟರ್ಸ್ ಸ್ಟೇಕ್ಸ್. ಒಂದರ ಹಿಂದೆ ಒಂದು. ಸ್ಪ್ರಿಂಟರ್ಸ್‌ನಲ್ಲಿ ಜನ ದುಡ್ಡು ಸುರಿದಿದ್ದು ಸಿಂಗಪುರದಿಂದ ಬಂದ ರಾಕೆಟ್ ಮ್ಯಾನ್ ಮೇಲೆ. ಅವನು ನಾಲ್ಕನೆಯವನಾದ, ಇವಳು ಗೆದ್ದಳು. ಆ ವರ್ಷದ ಅತ್ಯುತ್ತಮ ಕಡಿಮೆ ದೂರದ ಕುದುರೆ ಅನ್ನುವ ಪ್ರಶಸ್ತಿಯೂ ಇವಳಿಗೇ ಬಂತು.

ಇಷ್ಟಿದ್ದೂ ಚುಕ್ಯೋದಲ್ಲಿ ಫೇವರಿಟ್ ಅವಳಾಗಿರಲಿಲ್ಲ. ಲಾರ್ಡ್ ಕನಲೋವಾ ಅಂತ ನಾಲ್ಕು ವರ್ಷದ ಗಂಡು ಕುದುರೆ. ಸತತವಾಗಿ ಐದು ರೇಸ್ ಗೆದ್ದು ಬಂದಿದ್ದ. ಇನ್ನೂ ಒಂದು ಮಜಾ ಇತ್ತು. ಇಬ್ಬರೂ ಒಂದೇ ಲಾಯದವರು. ಇಬ್ಬರಿಗೂ ಟ್ರೈನರ್ ತಕಯುಕಿ ಯಸುದಾ. ಈ ಯಸುದಾ ಹಿಂದೆ ಜಾಕಿಯಾಗಿದ್ದವರು, 1991ರಲ್ಲಿ ತೊಕಾಯ್ ತೇಯೋ ಮೇಲೆ ಕೂತು ಡರ್ಬಿ ಗೆದ್ದವರು. ಒಂದೇ ಮನೆಯ ಅಕ್ಕ ತಮ್ಮ ಎದುರು ಬದುರು ನಿಂತರೆ ಮನೆಯ ಯಜಮಾನ ಯಾರಿಗೆ ಚಪ್ಪಾಳೆ ತಟ್ಟಬೇಕು? ನಮ್ಮ ಹಿರಿಯರನ್ನು ಕೇಳಿದೆ. ಅವರು ನಕ್ಕರು ಅಷ್ಟೇ.

ರೇಸ್ ಪೇಪರ್ ಓದುವುದನ್ನು ಕಲಿಸಿದ್ದೂ ಅವರೇ. ಒಬ್ಬೊಬ್ಬ ಪಂಡಿತನೂ ಪ್ರತಿ ಕುದುರೆಯ ಮುಂದೆ ಗುರುತು ಹಾಕಿರುತ್ತಾನೆ. ಜೋಡಿ ಸುತ್ತು ಇದ್ದರೆ ಇದೇ ಗೆಲ್ಲುತ್ತದೆ ಅಂತ ಅರ್ಥ. ಒಂಟಿ ಸುತ್ತು ಇದ್ದರೆ ಅದಕ್ಕೆ ಸರಿಸಾಟಿ. ಕಪ್ಪು ತ್ರಿಕೋನವೆಂದರೆ ತಲೆಕೆಳಗು ಮಾಡಬಲ್ಲದು. ಜೋಡಿ ಸುತ್ತು ಬಹಳಷ್ಟು ಕನಲೋವಾ ಮುಂದೆಯೇ ಇತ್ತು.

ಟಿಕೆಟ್‌ಗೆ ಕನಿಷ್ಠ ನೂರು ಯೆನ್. ಕಾರ್ಡಿನಲ್ಲಿ ಪೆನ್ಸಿಲ್‌ನಿಂದ ತುಂಬಿ ಮಷಿನ್‌ಗೆ ಹಾಕಬೇಕು, ನಮ್ಮ ಪರೀಕ್ಷೆಯ ಓಎಂಆರ್ ಶೀಟ್ ಥರ. ಒಂದೇ ಕುದುರೆಗೆ ಗೆಲುವು ಮತ್ತು ಪ್ಲೇಸ್ (ಮೊದಲ ಮೂರರೊಳಗೆ ಬರುವುದು) ಎರಡನ್ನೂ ಸಮವಾಗಿ ಕಟ್ಟಿದರೆ ಟಿಕೆಟ್ ಮೇಲೆ ಕುದುರೆಯ ಹೆಸರಿನ ಜೊತೆ 'ಗಂಬಾರೆ' ಅಂತ ಅಚ್ಚಾಗಿ ಬರುತ್ತದೆ. ಶಾಭಾಷ್, ಬಿಡಬೇಡ ಅಂತ ಹುರಿದುಂಬಿಸಿದ ಹಾಗೆ. ಜೂಜಿನ ಚೀಟಿಯ ಮೇಲೆ ಹೀಗೆ ಬರೆಯುವ ಬುದ್ಧಿ ಯಾರಿಗೆ ಹೊಳೆಯಿತೋ, ಅವನಿಗೆ ನಮಸ್ಕಾರ. ನಾನು ಕರೆನ್ ಚಾನ್‌ಗೆ ಅದನ್ನೇ ತೆಗೆದುಕೊಂಡೆ. ಕಾರಣ ಏನೂ ಇಲ್ಲ. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ನಲ್ಲಿ ಕಂದು ಕುದುರೆಗಳ ನಡುವೆ ಕಣ್ಣಿಗೆ ಬಿದ್ದವಳು ಅವಳು. ಮಂಡ್ಯದವನು ಕನಲೋವಾ ಮೇಲೆ ಕಟ್ಟಿದ. "ಪೇಪರ್‌ನವ್ರು ಸುಮ್ನೆ ಬರೀತಾರಾ?" ಅಂದ.

ಅವಳ ಬೆನ್ನ ಮೇಲಿದ್ದ ಜಾಕಿ ಕೆನಿಚಿ ಇಕೆಜೋಯೆ. ಇವನ ಕಥೆ ಹೇಳದೆ ಮುಂದೆ ಹೋಗಲಿಕ್ಕಾಗದು. 2011ರಲ್ಲಿ ಓರ್ಫೆವ್ರ್ ಅನ್ನುವ ಕುದುರೆಯನ್ನು ಹತ್ತಿ ಟ್ರಿಪಲ್ ಕ್ರೌನ್, ಅಂದರೆ ಮೂರು ವರ್ಷದ ಕುದುರೆಗಳ ಮೂರು ದೊಡ್ಡ ರೇಸ್, ಗೆದ್ದವನು ಇವನೇ. ಆದರೆ ನಾವು ಹೋಗುವ ಸರಿಯಾಗಿ ಒಂದು ವಾರ ಮುಂಚೆ, ಮಾರ್ಚ್ 18ರಂದು, ಅದೇ ಓರ್ಫೆವ್ರ್ ಇವನ ಮಾನ ಹರಾಜು ಹಾಕಿತ್ತು. 3000 ಮೀಟರಿನ ರೇಸ್. ಮಧ್ಯದಲ್ಲಿ ಕುದುರೆ ತಿರುವು ತೆಗೆದುಕೊಳ್ಳದೆ ನೆಟ್ಟಗೆ ಹೊರಬೇಲಿ ಕಡೆ ಹೊರಟುಬಿಟ್ಟಿತು. ಇನ್ನೇನು ನಿಂತೇ ಹೋಯಿತು ಅಂದುಕೊಂಡರೆ, ಬೇರೆ ಕುದುರೆಗಳನ್ನು ಕಂಡು ಮತ್ತೆ ಓಡಿ ಬಂದು ಎರಡನೆಯ ಸ್ಥಾನ ಹಿಡಿಯಿತು! ಕುದುರೆಯನ್ನು ಎಲ್ಲರೂ ಹೊಗಳಿದರು. ಬೈಗುಳವೆಲ್ಲ ಜಾಕಿಯ ಪಾಲಿಗೆ. ಆ ವಾರ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಂಥ ವಾರ ಕಳೆದ ಮನುಷ್ಯ ಮತ್ತೆ ಜಿ1 ರೇಸಿಗೆ ಬಂದು ಗೇಟಿನಲ್ಲಿ ನಿಂತಿದ್ದ.

ಬ್ಯಾಂಡ್ ಶುರುವಾಯಿತು. ಜನ ಪೇಪರನ್ನು ಸುರುಳಿ ಸುತ್ತಿ ಅಂಗೈಗೆ ಬಡಿದು ತಾಳ ಹಾಕಿದರು. ಹದಿನೆಂಟು ಕುದುರೆ. ಗೇಟು ತೆರೆಯಿತು.

ಕಡಿಮೆ ದೂರದ ರೇಸಿನಲ್ಲಿ ಯೋಚಿಸಲಿಕ್ಕೆ ಸಮಯ ಇರುವುದಿಲ್ಲ. ಕರೆನ್ ಚಾನ್ ಶುರುವಿನಿಂದಲೇ ಮುಂದಿನ ಸಾಲಿನಲ್ಲಿದ್ದಳು. ಹಿಂದೆ ಉಳಿದು ಕೊನೆಗೆ ಹಾರಿ ಬರುವ ಕುದುರೆಗಳನ್ನು ಜನ ಇಷ್ಟಪಡುತ್ತಾರೆ, ಸಿನಿಮಾ ಥರ ಇರುತ್ತದೆ ನೋಡಿ. ನನಗೆ ಅವತ್ತಿನಿಂದ ಇಷ್ಟ ಮುಂದೆ ಓಡುವವು. ಎಲ್ಲರ ಕಣ್ಣೂ ಬೆನ್ನ ಮೇಲಿರುತ್ತದೆ, ಹಿಂದೆ ಯಾರು ಬರುತ್ತಿದ್ದಾರೆ ಅಂತ ಕಾಣುವುದಿಲ್ಲ, ಆದರೂ ಕಾಲು ನಿಲ್ಲಬಾರದು. ನೇರ ದಾರಿಗೆ ಬಂದ ಮೇಲೆ ಅವಳು ಮುಂದಾದಳು. ಏರು ಹತ್ತುವಾಗ ನಮ್ಮ ಸುತ್ತ ಕಿರುಚಾಟ. ಕನಲೋವಾ ಬರುತ್ತಿದ್ದ, ಆದರೆ ಅಂತರ ಕರಗಲಿಲ್ಲ. ಹೊರಗಡೆಯಿಂದ ಸಾನ್‌ಕಾರ್ಲೋ ಅನ್ನುವ ಇನ್ನೊಂದು ಕುದುರೆ ಬಾಣದ ಹಾಗೆ ನುಗ್ಗಿತು. ಮಂಡ್ಯದವನು ತನ್ನ ಕುದುರೆ ಮರೆತು ನನ್ನ ಕುದುರೆಗೆ "ಓಡೇ! ಓಡೇ ತಾಯಿ!" ಅಂತ ಕೂಗುತ್ತಿದ್ದ. ಪಕ್ಕದ ಜಪಾನಿಯವರು ತಿರುಗಿ ನೋಡಿದರು.

ಕತ್ತಿನಷ್ಟು ಅಂತರದಲ್ಲಿ ಅವಳು ಗೆದ್ದಳು. ಒಂದು ನಿಮಿಷ 10.3 ಸೆಕೆಂಡ್. ಸಾನ್‌ಕಾರ್ಲೋ ಎರಡನೆಯದು, ಲಾರ್ಡ್ ಕನಲೋವಾ ಮೂರನೆಯದು.

ಆ ಮೂರನೆಯ ಸ್ಥಾನದ ಬೆಲೆ ನನಗೆ ಗೊತ್ತಾಗಿದ್ದು ವರ್ಷದ ಮೇಲೆ. ಕನಲೋವಾ ಒಟ್ಟು 19 ರೇಸ್ ಓಡಿದ. 13 ಗೆದ್ದ, 5ರಲ್ಲಿ ಎರಡನೆಯವನಾದ. ಮೂರನೆಯವನಾಗಿದ್ದು ಒಂದೇ ಸಲ, ಆ ಭಾನುವಾರ. ಅದಕ್ಕಿಂತ ಕೆಳಗೆ ಎಂದೂ ಇಳಿಯಲಿಲ್ಲ. ಜಪಾನ್ ಕಂಡ ಅತಿ ದೊಡ್ಡ ಸ್ಪ್ರಿಂಟರ್ ಅವನೇ ಅನ್ನುವವರು ಬಹಳ ಜನ. ಇರಬಹುದು. ಆದರೆ ಅವನ ಕಥೆ ಹೇಳುವಾಗ ಅವಳು ಒಂದು ಸಾಲಿನಲ್ಲಿ ಬಂದು ಹೋಗುತ್ತಾಳಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಲೆಕ್ಕ ತಿರುಗಿತು. ನಕಯಾಮದ ಸ್ಪ್ರಿಂಟರ್ಸ್ ಸ್ಟೇಕ್ಸ್, ಡಾರ್ಮಿಟರಿಯ ಟಿವಿಯಲ್ಲಿ ನೋಡಿದೆವು. ಈ ಸಲ ಫೇವರಿಟ್ ಅವಳು. ಈ ಸಲವೂ ಅವಳು ಮುಂದಿದ್ದಳು. ಕೊನೆಯಲ್ಲಿ ಕನಲೋವಾ ಬಂದು ಮುಕ್ಕಾಲು ಕುದುರೆಯಷ್ಟು ದಾಟಿಬಿಟ್ಟ. ಒಂದು ನಿಮಿಷ 6.7 ಸೆಕೆಂಡ್, ಕೋರ್ಸ್ ದಾಖಲೆ. ದಾಖಲೆಯ ಓಟದಲ್ಲಿ ಅಷ್ಟು ಹತ್ತಿರ ಎರಡನೆಯವಳಾಗುವುದು ಸೋಲಾ? ನಮ್ಮ ಹಿರಿಯರು ಅವತ್ತು ಒಂದೇ ಮಾತು ಹೇಳಿದರು: ಅವನಿಗೆ ದಾಖಲೆ ಮಾಡಿಸಿದ್ದು ಇವಳೇ.

ಡಿಸೆಂಬರ್‌ನಲ್ಲಿ ಇಬ್ಬರೂ ಹಾಂಗ್‌ಕಾಂಗ್‌ಗೆ ಹೋದರು. ಹಿಂದಿನ ವರ್ಷ ಅಲ್ಲಿ ಅವಳು ಐದನೆಯವಳಾಗಿದ್ದಳು. ಹಾಂಗ್‌ಕಾಂಗ್ ಸ್ಪ್ರಿಂಟ್ ಅಂದರೆ ಆಗ ಜಪಾನಿನ ಕುದುರೆಗಳಿಗೆ ಗೋಡೆ, ಯಾರೂ ಗೆದ್ದಿರಲಿಲ್ಲ. ಕನಲೋವಾ ಆ ಗೋಡೆ ಒಡೆದ. ಕರೆನ್ ಚಾನ್ ಏಳನೆಯವಳು. ಪೇಪರುಗಳ ತುಂಬ ಅವನ ಫೋಟೊ. ಅವಳಿಗೆ ಅದೇ ಕೊನೆಯ ಓಟ. 18 ಓಟ, 9 ಗೆಲುವು, ಐದು ವರ್ಷದ ವಯಸ್ಸು. ನಿವೃತ್ತಿಯ ಸುದ್ದಿಯನ್ನು ಹಿರಿಯರು ಕೆಲಸದ ನಡುವೆ ಹೇಳಿದಾಗ ನನಗೆ ಬೇಜಾರಾಯಿತು. ಇನ್ನೊಂದು ವರ್ಷ ಓಡಬಹುದಿತ್ತಲ್ಲ ಅಂದೆ. ಹೆಣ್ಣು ಕುದುರೆಯ ವಿಷಯದಲ್ಲಿ ಆ ಒಂದು ವರ್ಷ ಅಂದರೆ ಒಂದು ಮರಿ, ಅದಕ್ಕೇ ಬಿಡುವುದಿಲ್ಲ ಅಂದರು. ಕುಣಿಗಲ್‌ನವನಿಗೆ ಕುದುರೆ ಪಾಠ ಜಪಾನಿನಲ್ಲಿ ಆಯಿತು.

ಲೆಕ್ಕ ಸರಳ, ಸ್ವಲ್ಪ ಕ್ರೂರವೂ ಹೌದು. ರೇಸ್ ಕುದುರೆಗಳಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆಯಿಲ್ಲ. ಗಂಡು, ಹೆಣ್ಣು ಎದುರಾಗಲೇಬೇಕು. ಹೆಣ್ಣು ಹನ್ನೊಂದು ತಿಂಗಳು ಹೊರುತ್ತಾಳೆ, ವರ್ಷಕ್ಕೆ ಒಂದೇ ಮರಿ. ಅದೇ ಒಳ್ಳೆ ಹೆಸರಿನ ಗಂಡಿಗೆ ಒಂದು ಋತುವಿನಲ್ಲಿ ಇನ್ನೂರು ಹೆಣ್ಣು ಕುದುರೆಗಳೂ ಬರುತ್ತವೆ. ಕನಲೋವಾ 2013ರಲ್ಲಿ ಇನ್ನಷ್ಟು ಗೆದ್ದು, ವರ್ಷದ ಕುದುರೆ ಅನ್ನಿಸಿಕೊಂಡು ನಿವೃತ್ತನಾದ. ಮೊದಲ ವರ್ಷದ ಮರಿಗಳಲ್ಲೇ ಆಲ್ಮಂಡ್ ಐ ಹುಟ್ಟಿದಳು, ಒಂಬತ್ತು ಜಿ1 ಗೆದ್ದ ಮಗಳು. ಇಲ್ಲಿ ಒಂದು ಹೆಣ್ಣಿನ ಜೀವಮಾನದ ಅವಕಾಶಗಳೆಲ್ಲ ಸೇರಿದರೂ ಗಂಡಿನ ಒಂದು ತಿಂಗಳಿಗೆ ಸಾಲದು.

ಆದರೂ ತಾಯಂದಿರು ಕಾಯಿಸಿ ಉತ್ತರ ಕೊಡುತ್ತಾರೆ. ಬಿಲೀವ್ ಅಂತ ಇನ್ನೊಬ್ಬಳಿದ್ದಳು. 2002ರಲ್ಲಿ ಸ್ಪ್ರಿಂಟರ್ಸ್ ಸ್ಟೇಕ್ಸ್, 2003ರಲ್ಲಿ ತಕಮತ್ಸುನೊಮಿಯಾ ಕಿನೆನ್, ಕರೆನ್ ಚಾನ್ ಗೆದ್ದ ಅವೇ ಎರಡು. ಅವಳ ಮಗ ಜಾಂದಾರ್ಮ್ ಸ್ಪ್ರಿಂಟರ್ಸ್ ಸ್ಟೇಕ್ಸ್ ಗೆದ್ದಿದ್ದು 2022ರಲ್ಲಿ. ಅಮ್ಮನ ಗೆಲುವಿಗೂ ಮಗನ ಗೆಲುವಿಗೂ ಇಪ್ಪತ್ತು ವರ್ಷದ ಅಂತರ.

ಕರೆನ್ ಚಾನ್ ಹೋಗಿದ್ದು ಹೊಕ್ಕೈದೋದ ಶಾದೈ ಫಾರಂಗೆ. ಅಲ್ಲಿ ಅವಳಿಗೆ ಜೋಡಿ ಮಾಡಿದ್ದು ಯಾರನ್ನು ಅಂತ ಊಹಿಸಿ. ಹೌದು, ಲಾರ್ಡ್ ಕನಲೋವಾ! 2016ರಲ್ಲಿ ಮಗಳು ಹುಟ್ಟಿದಳು, ಹೆಸರು ಕರೆನ್ ಮೊಎ. ಅವಳೂ ಯಸುದಾ ಅವರ ಲಾಯಕ್ಕೇ ಬಂದಳು. ಅಷ್ಟೊತ್ತಿಗೆ ನಾನು ಬಿಡದಿಗೆ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಅವಳ ರೇಸ್ ಇದೆ ಅಂದರೆ ವಿಡಿಯೊ ಹುಡುಕಿ ನೋಡುವ ಚಟ ಅಂಟಿತ್ತು. ಹೆಂಡತಿ ಇದನ್ನು 'ನಿಮ್ಮ ಜಪಾನ್ ಮೊಮ್ಮಗಳು' ಅನ್ನುತ್ತಿದ್ದಳು.

ಅಪ್ಪ ಅಮ್ಮ ಇಬ್ಬರೂ ಚಾಂಪಿಯನ್, ಆದ್ದರಿಂದ ಮಗಳು ಚಾಂಪಿಯನ್ ಅಂತೇನಿಲ್ಲ. ಕರೆನ್ ಮೊಎ ಒಳ್ಳೆಯ ಕುದುರೆ, ಆದರೆ ದೊಡ್ಡ ರೇಸ್ ಕೈಗೆ ಸಿಗಲಿಲ್ಲ. 2020ರ ಕೆಯ್ಹಾನ್ ಹೈ, ಎರಡನೆಯವಳು. 2021ರ ಓಷನ್ ಸ್ಟೇಕ್ಸ್, ಎರಡನೆಯವಳು. ಆಮೇಲೆ ಅದೇ ಬೇಸಿಗೆಯಲ್ಲಿ ಹಕೊದಾತೆ ಸ್ಪ್ರಿಂಟ್. ಹತ್ತು ವರ್ಷದ ಹಿಂದೆ ಅಮ್ಮ ಗೆದ್ದ ರೇಸ್. ಆ ವರ್ಷ ಒಲಿಂಪಿಕ್ಸ್ ಕಾರಣಕ್ಕೆ ವೇಳಾಪಟ್ಟಿ ಬದಲಾಗಿ, ಹಕೊದಾತೆ ಹೆಸರಿನ ರೇಸನ್ನು ಸಪ್ಪೊರೋದಲ್ಲಿ ಓಡಿಸಿದರು. ಅಲ್ಲಿಯೂ ಅವಳು ಎರಡನೆಯವಳೇ. ನನ್ನನ್ನು ಕೇಳಿದರೆ ಇನ್ನೊಂದಿಷ್ಟು ದೂರ ಇದ್ದಿದ್ದರೆ ಗೆಲ್ಲುತ್ತಿದ್ದಳು. ವಿಡಿಯೊವನ್ನು ಮಂಡ್ಯದವನಿಗೆ ಕಳಿಸಿದೆ. ಅಪ್ಪನ ಥರ ಹಿಂದಿನಿಂದ ಓಡಿಸಬೇಕಿತ್ತು ಅಂತ ಅವನ ವಾದ, ಅಮ್ಮನ ಥರ ಇನ್ನೂ ಮುಂದೆ ಇಡಬೇಕಿತ್ತು ಅಂತ ನನ್ನದು. ರಾತ್ರಿ ಬಹಳ ಹೊತ್ತು ಫೋನಿನಲ್ಲಿ ಜಗಳ ಆಡಿದೆವು.