ಆಷಾಢದಲ್ಲಿ ಕ್ಯಾಸೆಟ್ ಇಳಿಸುವ ಕೆಲಸ

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ

ಆಷಾಢ ಬಂತೆಂದರೆ ನಮ್ಮಂಥ ಮದುವೆ ಕ್ಯಾಮೆರಾದವರಿಗೆ ಕೆಲಸವಿರುವುದಿಲ್ಲ. ಲೆನ್ಸು, ಬ್ಯಾಟರಿ, ಗಿಂಬಲ್‌ಗಳನ್ನು ಒರೆಸಿ ಪೆಟ್ಟಿಗೆಗೆ ಸೇರಿಸಿದ ಮೇಲೆ ಶ್ರಾವಣದವರೆಗೆ ಕೈ ಖಾಲಿ. ಈ ಸಲ ಆ ತಿಂಗಳನ್ನು ಅಟ್ಟದ ಮೇಲಿರುವ ಮಿನಿಡಿವಿ ಎಂಬ ಚಿಕ್ಕ ಡಿಜಿಟಲ್ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ ಕೊಡಬೇಕೆಂದು ನಿಶ್ಚಯಿಸಿ, ಇವತ್ತು ಅವನ್ನೆಲ್ಲ ಕೆಳಗಿಳಿಸಿ ಎಣಿಸಿದೆ. ಒಟ್ಟು 146 ಇವೆ. 2004ರಲ್ಲಿ ಸಾಲ ಮಾಡಿ ಕೊಂಡ ಸೋನಿ ಪಿಡಿ170 ಕ್ಯಾಮೆರಾದಲ್ಲಿ ಚಿತ್ರಿಸಿದವು ಇವು. ಹೆಚ್ಚಿನವು ಮದುವೆ, ಕೆಲವು ಸೀಮಂತ, ನಾಲ್ಕೈದು ಹೋಳಿ. ಹಲವು ಮದುವೆಗಳ ಹಂದರ ಬಿದ್ದದ್ದು ಹಳೆ ಬಾಗಲಕೋಟೆಯ ಮನೆಗಳ ಮುಂದೆ. ಆಲಮಟ್ಟಿಯ ಹಿನ್ನೀರಿಗಾಗಿ ಆ ಮನೆಗಳನ್ನು ತೆರವು ಮಾಡಿದ ಮೇಲೆ ಅಲ್ಲಿಯವರು ನಮ್ಮ ಹಾಗೆಯೇ ನವನಗರದ ಸೆಕ್ಟರುಗಳಿಗೆ ಬಂದು ನೆಲೆಸಿದ್ದಾರೆ. ಆಗ ಗಿರಾಕಿಗಳಿಗೆ ಕೊಟ್ಟಿದ್ದು ಡಿವಿಡಿ ಮಾತ್ರ, ಮೂಲ ಟೇಪು ನನ್ನಲ್ಲೇ ಉಳಿಯಿತು.

ಮೊದಲೇ ಲೆಕ್ಕ ಹಾಕಿಕೊಂಡೆ. 118 ಕ್ಯಾಸೆಟ್ಟುಗಳು ಸಾದಾ ಡಿವಿ ಪದ್ಧತಿಯಲ್ಲಿವೆ, ಒಂದಕ್ಕೆ 60 ನಿಮಿಷ. ಉಳಿದ 28 ಸೋನಿಯದೇ ಆದ ಡಿವಿಕ್ಯಾಮ್ ಪದ್ಧತಿಯಲ್ಲಿವೆ. ಡಿವಿಕ್ಯಾಮ್‌ನಲ್ಲಿ ಟೇಪು ವೇಗವಾಗಿ ಓಡಿ, ಚಿತ್ರ ದಾಖಲಾಗುವ ಗೆರೆಯ ಅಗಲ 10ರ ಬದಲು 15 ಮೈಕ್ರಾನ್ ಆಗುವುದರಿಂದ ಅದೇ ಕ್ಯಾಸೆಟ್ಟಿನಲ್ಲಿ 40 ನಿಮಿಷ ಮಾತ್ರ ಹಿಡಿಯುತ್ತದೆ. ಎಲ್ಲ ಸೇರಿ ಸುಮಾರು 137 ಗಂಟೆ. ಟೇಪನ್ನು ಓಡಿಸಿಯೇ ಇಳಿಸಬೇಕಾದ್ದರಿಂದ ಇದರಲ್ಲಿ ಅವಸರಕ್ಕೆ ದಾರಿಯಿಲ್ಲ. ಗಂಟೆಗೆ 13 ಜಿಬಿಯಂತೆ 1.8 ಟಿಬಿ ಜಾಗ ಬೇಕು. 4 ಟಿಬಿಯ ಎರಡು ಹಾರ್ಡ್‌ಡಿಸ್ಕ್ ತಂದಿದ್ದೇನೆ. ಒಂದು ಇಲ್ಲಿರುತ್ತದೆ, ಇನ್ನೊಂದು ವಿಜಯಪುರದಲ್ಲಿರುವ ಅಳಿಯನ ಮನೆಗೆ ಹೋಗುತ್ತದೆ.

ನಾಲ್ಕನೆಯ ದಿನ

ಮೂರು ದಿನ ಬರೀ ವಯರಿನಲ್ಲಿ ಹೋಯಿತು. ಕ್ಯಾಮೆರಾದಿಂದ ಕಂಪ್ಯೂಟರಿಗೆ ವಿಡಿಯೊ ಕಳಿಸಲು ಇರುವುದು ನಾಲ್ಕು ಪಿನ್ನಿನ ಫೈರ್‌ವೈರ್ ಕಿಂಡಿ, ಸೋನಿಯವರು ಐಲಿಂಕ್ ಎಂದು ಕರೆಯುತ್ತಿದ್ದದ್ದು. ಈಗಿನ ಯಾವ ಲ್ಯಾಪ್‌ಟಾಪಿನಲ್ಲೂ ಆ ಕಿಂಡಿಯಿಲ್ಲ. ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಫೈರ್‌ವೈರ್ ಇರುವ ವಯರು 350 ರೂಪಾಯಿಗೆ ಆನ್‌ಲೈನಿನಲ್ಲಿ ಸಿಕ್ಕಿತೆಂದು ಖುಷಿಪಟ್ಟು ತರಿಸಿಕೊಂಡೆ. ಅದರಿಂದ ಏನೂ ಆಗಲಿಲ್ಲ, ಆಗುವಂತೆಯೂ ಇಲ್ಲ. ಯುಎಸ್‌ಬಿ ಮತ್ತು ಫೈರ್‌ವೈರ್ ಮಾತನಾಡುವ ಭಾಷೆಯೇ ಬೇರೆ. ನಡುವೆ ಯಾವ ಚಿಪ್ಪೂ ಇಲ್ಲದೆ ತಂತಿಗೆ ತಂತಿ ಬೆಸೆದು ತುದಿಯ ಆಕಾರವನ್ನಷ್ಟೇ ಬದಲಿಸಿದ ವಯರು ಅದು. ಇಪ್ಪತ್ತು ವರ್ಷ ಇದೇ ಕಸುಬಿನಲ್ಲಿರುವ ನಾನೂ ಮೋಸಹೋದೆನಲ್ಲ ಎಂಬ ಬೇಸರ ಮಾತ್ರ ಉಳಿಯಿತು.

ಕೊನೆಗೆ ಹಳೆಯ ಮಿಕ್ಸಿಂಗ್ ಕಂಪ್ಯೂಟರನ್ನೇ ಹೊರತೆಗೆದೆ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡು ಸಿಕ್ಕಿತು. ಜೊತೆಗೆ ಆರು ಪಿನ್ನಿನಿಂದ ನಾಲ್ಕು ಪಿನ್ನಿಗೆ ಬರುವ ನಿಜವಾದ ವಯರೂ ಸಿಕ್ಕಿತು. ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೇನೆ. ಆಪಲ್ ತಾನೇ ಬೆಳೆಸಿದ ಫೈರ್‌ವೈರನ್ನು 2025ರ ಮ್ಯಾಕ್‌ಒಎಸ್ 26ರಲ್ಲಿ ಕೈಬಿಟ್ಟಿದೆ. ಲಿನಕ್ಸ್‌ನಲ್ಲಿ ಅದನ್ನು ನೋಡಿಕೊಳ್ಳುವವರು 2029ರವರೆಗೆ ಮಾತ್ರ ಎಂದು ಹೇಳಿದ್ದಾರೆ. ನಮ್ಮ ಟೇಪು ಇನ್ನೂ ಚೆನ್ನಾಗಿದೆ. ಅದನ್ನು ಓದುವ ಯಂತ್ರ ಮತ್ತು ದಾರಿ ಎರಡೂ ಮುಚ್ಚಿಕೊಳ್ಳುತ್ತಿವೆ. ಈ ಕೆಲಸವನ್ನು ಮುಂದಿನ ಆಷಾಢಕ್ಕೆ ದೂಡದೆ ಇರುವುದಕ್ಕೆ ಇದೇ ಕಾರಣ.

ಎರಡೂ ಯಂತ್ರಗಳನ್ನು ಆರಿಸಿಯೇ ವಯರು ಜೋಡಿಸಬೇಕು. ಆರು ಪಿನ್ನಿನ ತುದಿಯಲ್ಲಿ ಕರೆಂಟು ಹರಿಯುತ್ತದೆ. ತಿರುಗುಮುರುಗಾಗಿ ಒತ್ತಿದರೆ ಕ್ಯಾಮೆರಾದ ಕಿಂಡಿ ಸುಟ್ಟೇ ಹೋಗುತ್ತದೆ.

ಏಳನೆಯ ದಿನ

ಟೇಪನ್ನು ಮೊದಲು ತುದಿಯವರೆಗೆ ಫಾರ್ವರ್ಡ್ ಮಾಡಿ, ಪೂರ್ತಿ ರಿವೈಂಡ್ ಮಾಡಿ, ಆಮೇಲೆ ಓಡಿಸುತ್ತಿದ್ದೇನೆ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕುಳಿತ ಸುರುಳಿ ಇದರಿಂದ ಸಡಿಲವಾಗುತ್ತದೆ. ಮೊದಲ ಆರು ಕ್ಯಾಸೆಟ್ಟು ಗಾಜಿನಂತೆ ಸ್ವಚ್ಛವಾಗಿ ಬಂದವು. ಏಳನೆಯದರಲ್ಲಿ ಪರದೆಯ ಮೇಲೆ ಅಡ್ಡ ಪಟ್ಟಿಗಳು ಮೂಡಿದವು. ಮದುಮಗಳ ಬಾಸಿಂಗ ಹಿಂದಿನ ಗಳಿಗೆಯಲ್ಲೇ ನಿಂತುಬಿಟ್ಟಿತ್ತು, ಅದರ ಕೆಳಗೆ ಕಣ್ಣು ಮಿಟುಕುತ್ತಿತ್ತು, ಮೂಗುತಿಯಿದ್ದ ಪಟ್ಟಿ ಮತ್ತೆ ಕದಲದೆ ನಿಂತಿತ್ತು, ಅದರ ಕೆಳಗೆ ತುಟಿ ನಗುತ್ತಿತ್ತು.

ಕಾರಣ ತಿಳಿದಿದ್ದರಿಂದ ಗಾಬರಿಯಾಗಲಿಲ್ಲ. ನಮ್ಮ ದೇಶದಲ್ಲಿ ಬಳಸುವ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಒಂದು ಫ್ರೇಮು ಟೇಪಿನ ಮೇಲೆ 12 ಓರೆ ಗೆರೆಗಳಾಗಿ ಬೀಳುತ್ತದೆ. ನಿಮಿಷಕ್ಕೆ 9,000 ಸುತ್ತು ತಿರುಗುವ ಡ್ರಮ್ಮಿನ ಮೇಲೆ ಎರಡು ಹೆಡ್ಡುಗಳಿದ್ದು, ಒಂದು ಗೆರೆಯನ್ನು ಒಂದು ಓದಿದರೆ ಮುಂದಿನದನ್ನು ಇನ್ನೊಂದು ಓದುತ್ತದೆ. 576 ಸಾಲುಗಳ ಚಿತ್ರದಲ್ಲಿ ಒಂದು ಗೆರೆಯ ಪಾಲಿಗೆ 48 ಸಾಲು. ಒಂದು ಹೆಡ್ಡಿಗೆ ಕಸ ಕಟ್ಟಿದರೆ ಪಟ್ಟಿ ಬಿಟ್ಟು ಪಟ್ಟಿ ಮಾಯವಾಗುತ್ತದೆ, ಆ ಜಾಗಗಳಲ್ಲಿ ಕ್ಯಾಮೆರಾ ಹಿಂದಿನ ಫ್ರೇಮಿನ ತುಣುಕನ್ನೇ ತುಂಬಿ ತೋರಿಸುತ್ತದೆ. ಅಂದರೆ ಕೆಟ್ಟಿರುವುದು ಟೇಪಲ್ಲ, ಹೆಡ್ಡು ಕೊಳೆಯಾಗಿದೆ.

ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಓಡಿಸಿದೆ. ಅದಕ್ಕಿಂತ ಹೆಚ್ಚು ಓಡಿಸಬಾರದು, ಅದು ಉಜ್ಜುಕಾಗದದ ಜಾತಿಯದು. ಎರಡನೆಯ ಸಲಕ್ಕೆ ಪಟ್ಟಿಗಳು ಹೋದವು, ಅರ್ಧ ಗಂಟೆಯ ನಂತರ ಮತ್ತೆ ಬಂದವು. ಆಗ ಕ್ಯಾಸೆಟ್ ಬಾಗಿಲು ತೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಮೆದು ಚರ್ಮದ ತುಂಡನ್ನು ಡ್ರಮ್ಮಿಗೆ ಹಗುರವಾಗಿ ತಾಗಿಸಿ ಹಿಡಿದು, ಡ್ರಮ್ಮನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿದೆ. ತುಂಡನ್ನು ಮೇಲೆ ಕೆಳಗೆ ಆಡಿಸಬಾರದು. ಕೂದಲಿಗಿಂತ ಸೂಕ್ಷ್ಮವಾದ ಹೆಡ್ಡು ಕಿತ್ತುಬಂದರೆ ಅಲ್ಲಿಗೆ ಕ್ಯಾಮೆರಾದ ಕಥೆ ಮುಗಿಯಿತು. ಹತ್ತಿ ಸುತ್ತಿದ ಕಡ್ಡಿಯೂ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಚರ್ಮದ ಮೇಲೆ ಕಂದು ಬಣ್ಣದ ಎರಡು ಗೀರು ಮೂಡಿದವು. ಒಂದೇ ಕಂಪನಿಯ ಟೇಪು ಬಳಸು, ಬೆರಕೆ ಮಾಡಬೇಡ ಎಂದು ಆಗ ಹಿರಿಯ ಕ್ಯಾಮೆರಾಮನ್ನರು ಹೇಳುತ್ತಿದ್ದರು. ನಾನು ಅಗ್ಗಕ್ಕೆ ಸಿಕ್ಕಿದ್ದನ್ನೆಲ್ಲ ಹಾಕಿ ಓಡಿಸಿದವನು.

ಹನ್ನೆರಡನೆಯ ದಿನ

ದಿನಕ್ಕೆ ಐದು ಕ್ಯಾಸೆಟ್ಟಿನ ಓಟ ಹಿಡಿದಿದೆ. ಡಿವಿಗ್ರ್ಯಾಬ್ ಎಂಬ ತಂತ್ರಾಂಶ ಟೇಪಿನಲ್ಲಿರುವ ಅಂಕಿಗಳನ್ನು ಇದ್ದಂತೆಯೇ ಫೈಲಿಗೆ ಇಳಿಸುತ್ತದೆ. ಇಲ್ಲಿ ಚಿತ್ರವನ್ನು ಮತ್ತೊಮ್ಮೆ ಹಿಂಡುವ, ಅಂದರೆ ಕಂಪ್ರೆಸ್ ಮಾಡುವ, ಮಾತೇ ಇಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ದೊಡ್ಡ ಊರಿನ ಅಂಗಡಿಯೊಂದಕ್ಕೆ ಎಂಟು ಟೇಪು ಕೊಟ್ಟಿದ್ದೆ. ಅವರು ಹಳದಿ ಪಿನ್ನಿನ ಎವಿ ವಯರಿನಿಂದ ಅನಲಾಗ್ ಆಗಿ ಹಿಡಿದು, ಅದನ್ನು ಡಿವಿಡಿಗೆ ಹಿಂಡಿ ಕೊಟ್ಟರು. ಬಣ್ಣ ಹರಡಿತ್ತು, ಸೀರೆಯ ಜರಿ ಕರಗಿತ್ತು, ಪ್ರತಿ ಫ್ರೇಮಿನ ಸಮಯದ ಗುರುತಾದ ಟೈಮ್‌ಕೋಡ್ ಕಳೆದುಹೋಗಿತ್ತು. ಆ ಎಂಟನ್ನೂ ಈಗ ಮತ್ತೆ ಮೊದಲಿನಿಂದ ಇಳಿಸುತ್ತಿದ್ದೇನೆ.

ಟೇಪಿನಲ್ಲಿ ಚಿತ್ರದ ಜೊತೆಗೆ ಚಿತ್ರಿಸಿದ ದಿನ ಮತ್ತು ಗಂಟೆಯೂ ದಾಖಲಾಗಿರುತ್ತದೆ. ತಂತ್ರಾಂಶ ಅದನ್ನೇ ಫೈಲಿನ ಹೆಸರಾಗಿ ಇಡುತ್ತದೆ. ಚೀಟಿ ಉದುರಿಹೋದ ಹತ್ತೊಂಬತ್ತು ಕ್ಯಾಸೆಟ್ಟುಗಳ ಗುರುತು ಸಿಕ್ಕಿದ್ದು ಇದರಿಂದಲೇ. ದಿನಾಂಕವನ್ನು ನನ್ನ ಹಳೆಯ ಅಡ್ವಾನ್ಸ್ ವಹಿಯೊಂದಿಗೆ ತಾಳೆ ನೋಡಿದರೆ ಯಾರ ಮನೆಯ ಕಾರ್ಯವೆಂದು ತಿಳಿಯುತ್ತಿತ್ತು.

ಒಂದು ಎಡವಟ್ಟೂ ಆಯಿತು. ಆ ಕಾಲದಲ್ಲಿ ನನ್ನ ಸಹಾಯಕ ಕೆಲವೊಮ್ಮೆ ಮೆನುವಿನಲ್ಲಿ ಧ್ವನಿಯನ್ನು 12 ಬಿಟ್‌ಗೆ ಇಡುತ್ತಿದ್ದ, ನಾನು ನಡುವೆ ನೋಡಿ 16 ಬಿಟ್‌ಗೆ ತಿರುಗಿಸುತ್ತಿದ್ದೆ. ಮೊದಲನೆಯದು 32 ಕಿಲೋಹರ್ಟ್ಸ್, ಎರಡನೆಯದು 48. ಒಂದೇ ಫೈಲಿನಲ್ಲಿ ಎರಡೂ ಸೇರಿದಾಗ ಮಂಗಳಾಷ್ಟಕ ಮುಗಿದ ಎಷ್ಟೋ ಹೊತ್ತಿಗೆ ಅಕ್ಕಿಕಾಳು ಬೀಳುವಂತೆ ಧ್ವನಿ ಜಾರಿತು. ಧ್ವನಿ ಬದಲಾಗುವ ಜಾಗದಲ್ಲಿ ಫೈಲನ್ನು ತುಂಡರಿಸಿದ ಮೇಲೆ ಸರಿಹೋಯಿತು.

ಹತ್ತೊಂಬತ್ತನೆಯ ದಿನ

ಸಂಜೆ ಕರೆಂಟು ಹೋಗಿ ಕಂಪ್ಯೂಟರ್ ಆರಿತು. ಕ್ಯಾಮೆರಾ ಬ್ಯಾಟರಿಯ ಮೇಲಿದ್ದುದರಿಂದ ಟೇಪು ತನ್ನ ಪಾಡಿಗೆ ಓಡುತ್ತಲೇ ಇತ್ತು. ಯುಪಿಎಸ್ ತಂದೆ. ಆ ಎನ್‌ಪಿ ಎಫ್ ಬ್ಯಾಟರಿಯ ಬಗ್ಗೆ ಒಂದು ಮಾತು: ಕ್ಯಾಮೆರಾಗಳ ಎಷ್ಟೋ ತಲೆಮಾರು ಕಳೆದರೂ ಅದು ಉಳಿದಿದೆ. ಈಗ ನಮ್ಮ ಎಲ್‌ಇಡಿ ಲೈಟಿಗೂ ಮಾನಿಟರಿಗೂ ಹಾಕುವುದು ಅದನ್ನೇ, ಹಾಗಾಗಿ ಪಿಡಿ170ಕ್ಕೆ ಹೊಸ ಬ್ಯಾಟರಿ ಹುಡುಕುವ ತಾಪತ್ರಯ ಬರಲಿಲ್ಲ.

ಇಪ್ಪತ್ತಮೂರನೆಯ ದಿನ

ಹೋಳಿಯ ಕ್ಯಾಸೆಟ್ಟುಗಳನ್ನು ಇಳಿಸಿದೆ. ಕಿಲ್ಲೆಯ ಕಡೆಯಿಂದ ಬರುವ ಬಣ್ಣದ ಬಂಡಿ, ಅದರ ಮುಂದೆ ಹಲಗೆ ಬಾರಿಸುವವರ ಸಾಲು. ಈಗಿನ ಮೊಬೈಲು, ಟಿವಿಗಳಲ್ಲಿ ನೋಡುವುದಕ್ಕೆ ಇದನ್ನು ಪ್ರೊಗ್ರೆಸಿವ್, ಅಂದರೆ ಪ್ರತಿ ಸಲ ಇಡೀ ಚಿತ್ರ ಬರುವಂತೆ, ಮಾಡಬೇಕು. ಟೇಪಿನಲ್ಲಿರುವುದು ಸೆಕೆಂಡಿಗೆ 25 ಫ್ರೇಮು, ಪ್ರತಿ ಫ್ರೇಮಿನಲ್ಲಿ ಬೇರೆ ಬೇರೆ ಗಳಿಗೆಯ ಎರಡು ಫೀಲ್ಡು, ಅಂದರೆ ಸಾಲು ಬಿಟ್ಟು ಸಾಲಿನ ಅರ್ಧರ್ಧ ಚಿತ್ರ. ಅವನ್ನು ಬಿಡಿಸಿ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಸೆಕೆಂಡಿಗೆ 50 ಚಿತ್ರ ಮಾಡಿಕೊಳ್ಳುತ್ತಿದ್ದೇನೆ. 25ಕ್ಕೇ ನಿಲ್ಲಿಸಿದರೆ ಹಲಗೆಯ ಕೈಯ ಓಟದಲ್ಲಿ ಅರ್ಧ ಕಳೆದುಹೋಗುತ್ತದೆ. ಮೊದಲ ಸಲ ಫೀಲ್ಡಿನ ಕ್ರಮ ತಪ್ಪಿ ಕೊಟ್ಟಿದ್ದೆ. ಡಿವಿಯಲ್ಲಿ ಕೆಳಗಿನ ಫೀಲ್ಡು ಮೊದಲು. ನಾನು ಮೇಲಿನದನ್ನು ಮೊದಲು ಎಂದಿದ್ದೆ. ಬಾರಿಸುವವನ ಕೈ ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬಂದು ನಡುಗುತ್ತಿತ್ತು. ನಿಂತ ದೃಶ್ಯದಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಆದ್ದರಿಂದ ಪರೀಕ್ಷೆಗೆ ಹಲಗೆಯಂಥ ದೃಶ್ಯವನ್ನೇ ಆಯ್ದುಕೊಳ್ಳಬೇಕು. ಹಲಗೆಯ ಸದ್ದು ಒಡೆದಿದ್ದನ್ನು ಮಾತ್ರ ಸರಿಪಡಿಸಲಾಗಲಿಲ್ಲ. ಆಗ ಮೈಕಿನ ಲೆವೆಲ್ ಇಳಿಸದೆ ಬಿಟ್ಟದ್ದು ನಾನೇ.

ರೊಟ್ಟಿ ಹಬ್ಬದ ದಿನ

146ರಲ್ಲಿ 133 ಪೂರ್ತಿ ಸ್ವಚ್ಛವಾಗಿ ಬಂದಿವೆ. 8ರಲ್ಲಿ ಅಲ್ಲಲ್ಲಿ ಚಿತ್ರ ಚೌಕಳಿಯಾಗಿ ಒಡೆದಿದೆ. ಅವನ್ನು ಎರಡೆರಡು ಸಲ ಓಡಿಸಿ, ಒಂದು ಸಲ ಕೆಟ್ಟ ಫ್ರೇಮಿನ ಜಾಗಕ್ಕೆ ಇನ್ನೊಂದು ಸಲದ ಒಳ್ಳೆಯ ಫ್ರೇಮು ಕೂರಿಸುವ ಕೆಲಸ ಬಾಕಿಯಿದೆ. 5 ಟೇಪನ್ನು ಕ್ಯಾಮೆರಾ ಹಿಡಿಯುತ್ತಲೇ ಇಲ್ಲ. ಕ್ಯಾಮೆರಾದ ಮೆನುವಿನಲ್ಲಿ ಡ್ರಮ್ಮು ತಿರುಗಿದ ಗಂಟೆಯ ಲೆಕ್ಕವಿದೆ. ಶುರುವಿನಲ್ಲಿ 1,386 ಇದ್ದದ್ದು ಈಗ 1,541 ಆಗಿದೆ. ಇನ್ನೆಷ್ಟು ಗಂಟೆ ಬಾಳುತ್ತದೆಂದು ಅದು ತೋರಿಸುವುದಿಲ್ಲ, ಹಾಗಾಗಿ ಆ ಐದಕ್ಕಾಗಿ ಇದನ್ನು ಇನ್ನಷ್ಟು ಸವೆಸುವುದೋ ಬೇಡವೋ ಎಂಬುದನ್ನು ಎಂಟರ ಕೆಲಸ ಮುಗಿದ ಮೇಲೆ ನೋಡುತ್ತೇನೆ.

ಮಧ್ಯಾಹ್ನ ಎಳ್ಳು ಹಚ್ಚಿದ ರೊಟ್ಟಿಯ ಗಂಟು ಹಿಡಿದು ವೆಂಕಟಪೇಟೆಯ ಹಳೆಯ ಗಿರಾಕಿಯೊಬ್ಬರ ಮಗಳು ಬಂದಿದ್ದಳು. "ಕಾಕಾ, ನಮ್ಮ ಅಜ್ಜಿ ಹಾಡಿದ್ದು ಅದರಾಗ ಐತೇನ್ರಿ?" ಎಂದು ಕೇಳಿದಳು. ಇತ್ತು. ಸುರಗಿ ಸುತ್ತುವಾಗ ಅಜ್ಜಿ ಹಾಡುತ್ತಿದ್ದಾರೆ. ನಾನು ಕ್ಯಾಮೆರಾವನ್ನು ಮದುಮಕ್ಕಳ ಮೇಲೆಯೇ ಇಟ್ಟಿದ್ದೇನೆ, ಅಜ್ಜಿಯ ಬಳೆಗೈ ಮಾತ್ರ ಚೌಕಟ್ಟಿನ ಅಂಚಿನಲ್ಲಿ ಬಂದು ಹೋಗುತ್ತದೆ. ಹಾಡು ಪೂರ್ತಿ ನಾಲ್ಕು ನಿಮಿಷವಿದೆ, 48 ಕಿಲೋಹರ್ಟ್ಸ್‌ನಲ್ಲಿದೆ. ಪೆನ್‌ಡ್ರೈವಿಗೆ ಹಾಕಿಕೊಟ್ಟೆ.