ಹೊಳೆಬಾಗಿಲಲ್ಲಿ ಕಲಿತ ‘ಆಗಲ್ಲ’

ತುಮಕೂರಿನಲ್ಲಿ ಟೆಂಪೋ ಟ್ರಾವೆಲರ್ ಓಡಿಸೋಕೆ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ಮೊದಲು ಬೇರೆಯವರ ಗಾಡಿ, ಆಮೇಲೆ ಸಾಲ ಮಾಡಿ ಕೊಂಡ ನನ್ನದೇ ಗಾಡಿ. ಸ್ಟೇರಿಂಗು, ಗೇರು, ಘಾಟಿ ಎಲ್ಲಾ ಬೇಗನೇ ಕೈಗೆ ಹತ್ತಿದವು. ಬಾಯಿಗೆ ಬರದೆ ಸತಾಯಿಸಿದ್ದು ಒಂದೇ ಮಾತು, ‘ಆಗಲ್ಲ’.

ಗಿರಾಕಿ ಏನು ಕೇಳಿದರೂ "ಆಯ್ತು ಬಿಡಿ ಸಾರ್" ಅನ್ನೋದು ನನ್ನ ಚಾಳಿ. ಹಾಗಂದರೆ ಮುಂದಿನ ಸಲವೂ ನನ್ನನ್ನೇ ಕರೀತಾರೆ ಅನ್ನೋ ಆಸೆ.

ಸಿಗಂದೂರು ಸೇತುವೆ ಆಗೋದಕ್ಕೆ ಮುಂಚಿನ ಒಂದು ಡಿಸೆಂಬರ್. ಬಟವಾಡಿ ಕಡೆಯ ಒಂದೇ ಮನೆಯವರು, ಹನ್ನೊಂದು ಜನ. ಸಂಜೆಗೆ ಸಿಗಂದೂರು ಸೇರಿ, ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ಚೌಡೇಶ್ವರಿ ದರ್ಶನ ಮುಗಿಸಿ ಕೊಲ್ಲೂರಿಗೆ ಹೋಗೋ ಪ್ಲಾನು. ಆಗೆಲ್ಲಾ ಸಾಗರದಿಂದ ಸುಮಾರು ಮೂವತ್ತು ಕಿಲೋಮೀಟರ್ ಹೋಗಿ, ಹೊಳೆಬಾಗಿಲಲ್ಲಿ ಗಾಡಿ ಸಮೇತ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಅದು ನನಗೆ ಗೊತ್ತಿತ್ತು. ಅವರಿಗೆ ಹೇಳಿರಲಿಲ್ಲ.

ಐದಕ್ಕೆ ಹೊರಡಬೇಕಿದ್ದವರು ಹೊರಟಿದ್ದು ಆರು ಹೊಡೆದ ಮೇಲೆ. ಗುಬ್ಬಿ ಗೇಟ್ ತನಕ ಹೋದಾಗ ಪೂಜೆ ಸಾಮಾನಿನ ಚೀಲ ಮನೆಯಲ್ಲೇ ಉಳಿದಿದೆ ಅಂತ ನೆನಪಾಯ್ತು. "ವಾಪಸ್ ತಿರುಗಿಸ್ತೀರಾ ಡ್ರೈವರಣ್ಣ?" "ಆಯ್ತು ಬಿಡಿ."

ದಾರಿ ಮಾತ್ರ ಏನು ಚೆಂದ! ನಾವು ಹಳಬರು ಇವತ್ತಿಗೂ 206 ಅಂತಲೇ ಕರೆಯೋ ಈ ಹೊನ್ನಾವರದ ರಸ್ತೆ ಒಂದೇ ದಿನದಲ್ಲಿ ಮೂರು ಸೀಮೆ ತೋರಿಸುತ್ತೆ. ಗುಬ್ಬಿ, ನಿಟ್ಟೂರು, ತಿಪಟೂರು ತನಕ ತೆಂಗೇ ತೆಂಗು, ಮನೆ ಪಕ್ಕದಲ್ಲೆಲ್ಲಾ ಸುಲಿದ ಮಟ್ಟೆಯ ರಾಶಿ. ಅರಸೀಕೆರೆ ದಾಟಿದರೆ ಕಡೂರಿನ ತನಕ ಬಯಲು; ರಾಗಿ ಕೊಯ್ಲಾಗಿ ಹೊಲದಲ್ಲಿ ಬರೀ ಕೂಳೆ. ಬೀರೂರು ಬಿಟ್ಟು ತರೀಕೆರೆ ಹತ್ತಿರ ಆಗ್ತಿದ್ದ ಹಾಗೆ ಅಡಿಕೆ ತೋಟ ಶುರು. ಶಿವಮೊಗ್ಗ ದಾಟಿ ಆಯನೂರು, ಕುಂಸಿ ಕಳೆದ ಮೇಲೆ ಏಸಿ ಆಫ್ ಮಾಡಿ "ಕಿಟಕಿ ತೆಗೀರಿ" ಅಂತ ನಾನೇ ಹೇಳ್ತೀನಿ. ಆ ಕಾಡಿನ ತಂಪಿಗೆ ಮಾತಾಡುತ್ತಿದ್ದವರೂ ಸುಮ್ಮನಾಗ್ತಾರೆ.

ಚೆಂದದ ದಾರಿಯಲ್ಲಿ ಎಲ್ಲರಿಗೂ ಇಳೀಬೇಕು ಅನ್ಸುತ್ತೆ. ತರೀಕೆರೆಯಲ್ಲಿ ಯಜಮಾನ್ರು ಮೊಬೈಲ್ ನೋಡಿ, "ಅಮೃತಾಪುರ ಇಲ್ಲೇ ಹತ್ತಿರ ಅಲ್ವಾ? ಹತ್ತೇ ನಿಮಿಷ" ಅಂದರು. 1196ರ ಹೊಯ್ಸಳರ ದೇವಸ್ಥಾನ ಅದು, ನೋಡಲೇಬೇಕಾದ್ದು. ಗೋಡೆ ಮೇಲೆ ಸಾಲಾಗಿ ಕೆತ್ತಿರೋ ರಾಮಾಯಣವನ್ನ ಅವರು ಮೊಮ್ಮಗನಿಗೆ ಒಂದೊಂದೇ ಚೌಕ ತೋರಿಸುತ್ತಾ ಹೇಳೋಕೆ ಶುರು ಮಾಡಿದರು. ಹುಡುಗ ಪ್ರತಿ ಚೌಕಕ್ಕೂ "ಆಮೇಲೆ?" ಅಂತಾನೆ. ನಾನು ಚಪ್ಪಲಿ ಕಾಯುತ್ತಾ ಹೊರಗೆ ನಿಂತಿದ್ದೆ. ರಾಮ ಇನ್ನೂ ಸೇತುವೆ ಕಟ್ಟಿರಲಿಲ್ಲ, ಅಷ್ಟರಲ್ಲಿ ನನ್ನ ಒಂದು ಗಂಟೆ ಮುಳುಗಿತ್ತು.

ಶಿವಮೊಗ್ಗದಲ್ಲಿ ಊಟ. ಆನಂದಪುರದಲ್ಲಿ ಟೀ. ಸಾಗರದ ಹತ್ತಿರ ಇಕ್ಕೇರಿ. ಎಲ್ಲಾ ಕಡೆ ಅದೇ ‘ಹತ್ತು ನಿಮಿಷ’. ಹನ್ನೊಂದು ಜನ ಇಳಿದು ಹತ್ತೋಕೇ ಹತ್ತು ನಿಮಿಷ ಬೇಕು ಅನ್ನೋದು ಡ್ರೈವರ್ ಸೀಟಿನಲ್ಲಿ ಕೂತವನಿಗೆ ಮಾತ್ರ ಗೊತ್ತು. ಗೊತ್ತಿದ್ದವನು ಬಾಯಿ ಬಿಡಬೇಕಿತ್ತು.

ಸಾಗರ ಬಿಟ್ಟ ಮೇಲೆ ಎದೆ ಹೊಡೆದುಕೊಳ್ಳೋಕೆ ಶುರುವಾಯ್ತು. ಆವಿನಹಳ್ಳಿ ರಸ್ತೆಯ ತಿರುವುಗಳಲ್ಲಿ ಓಡಿಸಿದೆ. ಆ ಹುಡುಗ ವಾಂತಿ ಮಾಡಿಕೊಂಡ. "ಬೆಳಗ್ಗೆಯಿಂದ ಆರಾಮಾಗಿ ಬಂದು ಈಗ್ಯಾಕ್ರೀ ಹಿಂಗೆ?" ಅಂತ ಯಜಮಾನ್ರು ರೇಗಿದರು. ಲಾಂಚ್ ವಿಷಯ ಹೇಳೋಕೆ ಆಗಲೂ ಧೈರ್ಯ ಬರಲಿಲ್ಲ. ತೋಟಗಳ ಬೇಲಿ ಮೇಲೆ ‘ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಅಂತ ಬೋರ್ಡು ಕಂಡಾಗ ಮನಸ್ಸಲ್ಲೇ ಕೈ ಮುಗಿದೆ: ತಾಯೀ, ಲಾಂಚ್ ಒಂದು ನಿಲ್ಸು.

ಲಾಂಚ್ ಇತ್ತು, ಕೊನೆಯದು. ನಮ್ಮ ಮುಂದೆ ಒಂಬತ್ತು ಗಾಡಿ. ಒಂದು ಬಸ್ಸು ಹತ್ತಿತು, ಹಿಂದೆ ಕಾರುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ನಿಂತವು. ನನ್ನ ಗಾಡಿ ದಡದ ಇಳಿಜಾರಿಗೆ ಬಂದಾಗ ಲಾಂಚಿನ ಹುಡುಗ ಕೈ ಅಡ್ಡ ಹಿಡಿದ. ನಾನು ಇಳಿದು ಅಂಗಲಾಚಿದೆ. ಅವನು ಸಿಟ್ಟು ಮಾಡಲಿಲ್ಲ, ಸಾರಿಯನ್ನೂ ಹೇಳಲಿಲ್ಲ.

"ಆಗಲ್ಲ ಮಾರಾಯ್ರೆ. ಬಸ್ಸು ಹತ್ತಿದೆ, ಇನ್ನು ನಿಮ್ದೂ ಹಾಕಿದ್ರೆ ಲೋಡ್ ಜಾಸ್ತಿ ಆಗ್ತದೆ. ಜನ ಹತ್ಲಿ, ಆಚೆ ದಡದಲ್ಲಿ ಜೀಪ್ ಸಿಗ್ತದೆ. ಗಾಡಿ ಬೆಳಗ್ಗೆ ಫಸ್ಟ್ ಲಾಂಚಿಗೆ."

ಅಷ್ಟೇ. ಯಾಕೆ ಆಗಲ್ಲ ಅಂತ ಒಂದು ಮಾತು, ಬದಲಿಗೆ ಏನು ಮಾಡಬಹುದು ಅಂತ ಎರಡು ಮಾತು. ಮುಗೀತು. ಜಗಳ ಆಡೋಕೆ ಬಂದಿದ್ದ ಯಜಮಾನ್ರು ಕೂಡ ಸುಮ್ಮನೆ ಬ್ಯಾಗ್ ಇಳಿಸೋಕೆ ಶುರು ಮಾಡಿದರು. ಬೆಳಗ್ಗೆಯಿಂದ ಹನ್ನೆರಡು ಗಂಟೆ ನಾನು ಹೇಳಲಾಗದ್ದನ್ನ ಇಪ್ಪತ್ತೈದೂ ದಾಟದ ಆ ಹುಡುಗ ಅರ್ಧ ನಿಮಿಷದಲ್ಲಿ ಹೇಳಿದ್ದ.

ಅಜ್ಜಿ ಮಾತ್ರ ಹತ್ತೋ ಮುಂಚೆ ಹಿಂದಕ್ಕೆ ಬಂದು ಪುಳಿಯೋಗರೆ ಡಬ್ಬಿ ಕೈಗಿಟ್ಟರು. "ನೀನೂ ಬೆಳಗ್ಗೆಯಿಂದ ಸರಿಯಾಗಿ ತಿಂದಿಲ್ಲ ಕಣಪ್ಪ." ಬೈದಿದ್ದರೇ ಚೆನ್ನಾಗಿರ್ತಿತ್ತು.

ಆ ರಾತ್ರಿ ಗಾಡಿಯಲ್ಲೇ ಮಲಗಿದೆ. ಟೀ ಅಂಗಡಿಯವರು ಬಾಗಿಲು ಹಾಕೋ ಮುಂಚೆ ಸ್ವಲ್ಪ ಹೊತ್ತು ಮಾತಿಗೆ ಕೂತರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರುಗಳೇ ಮುಳುಗಿದ್ದು, ಆಚೆಯ ತುಮರಿ ಸೀಮೆ ದ್ವೀಪದ ಹಾಗೆ ಉಳಿದಿದ್ದು ಎಲ್ಲಾ ಹೇಳಿದರು. "ಹೆರಿಗೆ ನೋವು ಬಂದ್ರೂ ಲಾಂಚ್ ನೋಡ್ಕಂಡೇ ಬರಬೇಕು ನಮ್ಮವ್ರು" ಅಂದರು. ನನ್ನ ಗೋಳು ಹೇಳಿಕೊಳ್ಳೋಣ ಅಂತಿದ್ದವನು ಬಾಯಿ ಮುಚ್ಚಿಕೊಂಡೆ.

ಬೆಳಗ್ಗೆ ಮೊದಲ ಲಾಂಚಿನಲ್ಲಿ ನನ್ನದೇ ಮೊದಲ ಗಾಡಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು ಇಳಿದೆ. ನೀರಿನ ಮೇಲೆ ಮಂಜು, ಎಂಜಿನ್ನಿನ ಗುಡುಗುಡು, ಕಾಲಡಿ ಕಬ್ಬಿಣ ನಡುಗೋದು. ಮುನ್ನೂರು ಕಿಲೋಮೀಟರಿಗಿಂತ ಉದ್ದದ ದಾರಿಯಲ್ಲಿ ನಾನು ಕಣ್ಣು ತುಂಬ ನೋಡಿದ್ದು ಅದೊಂದೇ ತುಂಡು. ಮೊದಲ ದಿನದ ಜೀಪಿನ ಬಾಡಿಗೆಯನ್ನ ಆಮೇಲೆ ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು. ಸರಿಯೇ.

ಈಗ ಬುಕಿಂಗ್ ಆದ ದಿನವೇ ಹೇಳಿಬಿಡ್ತೀನಿ: ಇಂಥಾ ಜಾಗಕ್ಕೆ ಇಷ್ಟು ಹೊತ್ತಿಗೆ ತಲುಪಲೇಬೇಕು, ಓಡಿಸೋದಕ್ಕೆ, ಊಟಕ್ಕೆ ಇಷ್ಟು ಹೋದರೆ ನಿಮ್ಮ ಕೈಯಲ್ಲಿ ಉಳಿಯೋದು ಎರಡು ಗಂಟೆ. ಎಲ್ಲಿ ಖರ್ಚು ಮಾಡ್ತೀರೋ ನೀವೇ ನೋಡಿಕೊಳ್ಳಿ. ಹೀಗಂದ ಮೇಲೆ ಒಂದು ತಮಾಷೆ ನಡೆಯುತ್ತೆ. ಯಾರೋ ಒಬ್ಬರು ಎಳನೀರು ಅಂದರೆ ಹಿಂದಿನ ಸೀಟಿನಿಂದಲೇ "ಬೇಡ, ಟೈಮ್ ಇಲ್ಲ" ಅಂತ ಕೂಗು ಬರುತ್ತೆ. ನಾನು ಹೇಳೋ ಪ್ರಮೇಯವೇ ಇಲ್ಲ. ಇಬ್ಬರು ಗಿರಾಕಿಗಳು "ನಿಮ್ಮದು ಅತಿಯಾಯ್ತು" ಅಂತ ಬೇರೆ ಗಾಡಿ ನೋಡಿಕೊಂಡರು. ಹೋಗಲಿ ಬಿಡಿ.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು. ಎರಡೂಕಾಲು ಕಿಲೋಮೀಟರಿಗಿಂತ ಉದ್ದ ಇದ್ದರೂ ದಾಟೋಕೆ ಒಂದು ಹಾಡು ಮುಗಿಯುವಷ್ಟು ಹೊತ್ತು ಸಾಕು. ಮೊನ್ನೆ ಅದರ ನಡುಮಧ್ಯದಲ್ಲಿ ಒಬ್ಬ ಅಮ್ಮ, "ಇಲ್ಲೇ ಒಂದು ನಿಮಿಷ ನಿಲ್ಸಪ್ಪಾ, ಒಂದೇ ಫೋಟೋ" ಅಂದರು.

"ಸೇತುವೆ ಮೇಲೆ ಆಗಲ್ಲಮ್ಮ, ಹಿಂದೆ ಬಸ್ಸು ಬರ್ತಿದೆ. ಆಚೆ ದಡದಲ್ಲಿ ನಿಲ್ಲಿಸ್ತೀನಿ, ಇಪ್ಪತ್ತು ನಿಮಿಷ ತಗೊಳ್ಳಿ" ಅಂದೆ.